ಕಾಲಿನ ಆಪರೇಷನ್ ಆದ್ಮೇಲೆ ಮನೇಲಿ ಏನೇನು ನೋಡ್ಕೋಬೇಕು, ಯಾವಾಗ ಆಸ್ಪತ್ರೆಗೆ ಓಡ್ಬೇಕು

ಕಾಲಿನ ಆಪರೇಷನ್ ಮುಗಿಸ್ಕೊಂಡು ಮನೆಗೆ ಬಂದೋರ ಕಡೆಯಿಂದ ಮೊದಲು ಬರೋ ಪ್ರಶ್ನೆ ಒಂದೇ, "ಕಾಲು ಊದ್ಕೊಂಡಿದೆ, ಇದು ನಾರ್ಮಲ್ಲಾ?" ಬಹುಪಾಲು ಹೌದು, ನಾರ್ಮಲ್ಲೇ. ಮೊಣಕಾಲಿನ ಕೆಳಗಿನ ಮೂಳೆಗೆ ರಾಡ್ ಹಾಕಿರ್ಲಿ, ಪಾದದ ಗಂಟಿಗೆ ಪ್ಲೇಟ್ ಹಾಕಿರ್ಲಿ, ಮಂಡಿ ಕೀಲು ಬದಲಾಯಿಸಿರ್ಲಿ, ಊತ ವಾರಗಟ್ಟಲೆ ಇರತ್ತೆ, ಕೆಲವರಿಗೆ ತಿಂಗಳುಗಟ್ಟಲೆ ಸಂಜೆ ಹೊತ್ತಿಗೆ ಬರ್ತಾ ಇರತ್ತೆ. ಅದಕ್ಕೇ ಊತ ಇದೆಯಾ ಇಲ್ವಾ ಅಂತ ನೋಡಿದ್ರೆ ಏನೂ ಗೊತ್ತಾಗಲ್ಲ, ಅದು ಯಾವ ಕಡೆ ಹೋಗ್ತಿದೆ ಅಂತ ನೋಡ್ಬೇಕು. ನೋವು, ಊತ, ಗಾಯದಿಂದ ಒಸರೋದು, ಮೈ ಬಿಸಿ, ಇವೆಲ್ಲ ಎರಡು ಮೂರು ದಿನಕ್ಕೊಮ್ಮೆ ಹೋಲಿಸಿ ನೋಡಿದ್ರೆ ಸ್ವಲ್ಪ ಸ್ವಲ್ಪನೇ ಇಳೀತಾ ಇರ್ಬೇಕು. ಇಳೀತಾ ಇದ್ದದ್ದು ತಿರುಗಿ ಏರೋಕೆ ಶುರುವಾಯ್ತು ಅಂದ್ರೆ ಅವತ್ತೇ ಡಾಕ್ಟರಿಗೆ ತಿಳಿಸ್ಬೇಕು. ಇದೊಂದು ಮಾತು ಮನೇಲಿ ನೋಡ್ಕೊಳ್ಳೋರ ತಲೇಲಿ ಕೂತ್ರೆ ಮುಕ್ಕಾಲು ಕೆಲಸ ಆದ ಹಾಗೆ. ಏರಿಳಿತ ನೋಡ್ತಾ ಕೂರದೆ ಆ ಕ್ಷಣಕ್ಕೇ ಹೊರಡಬೇಕಾದ್ದು ಒಂದೆರಡಿದೆ, ಅದನ್ನ ಮುಂದೆ ಬಿಡಿಸಿ ಹೇಳ್ತೀನಿ.

ಡಿಸ್ಚಾರ್ಜ್ ಆಗೋ ಮುಂಚೆ

ಬಿಲ್ ಕಟ್ಟೋದು, ಇನ್ಶೂರೆನ್ಸ್ ಅಪ್ರೂವಲ್‌ಗೆ ಕಾಯೋದು, ಗಾಡಿ ಕರೆಸೋದು ಈ ಗಡಿಬಿಡೀಲಿ ಮುಖ್ಯವಾದ ಮಾತು ಕೇಳೋದೇ ಮರ್ತು ಹೋಗತ್ತೆ, ಆಮೇಲೆ ಮನೇಲಿ ಕೂತು ಡಿಸ್ಚಾರ್ಜ್ ಸಮರಿ ಹಿಡ್ಕೊಂಡು ಅರ್ಥ ಹುಡುಕೋದಾಗತ್ತೆ. ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅನ್ನೋದು ಮೊದಲ ಪ್ರಶ್ನೆ. "ನಡೀಬಹುದು" ಅನ್ನೋದು ಉತ್ತರ ಅಲ್ಲ, ಪಾದ ನೆಲಕ್ಕೆ ತಾಗಿಸಲೇಬಾರದಾ, ಬೆರಳು ಮಾತ್ರ ತಾಗಿಸಬಹುದಾ, ಅರ್ಧ ಭಾರನಾ, ಪೂರ್ತಿ ಭಾರನಾ, ಎಷ್ಟು ವಾರ ಹೀಗೆ, ಇದನ್ನ ಬಾಯಿ ಬಿಟ್ಟು ಕೇಳಿ ಅಲ್ಲೇ ಚೀಟೀಲಿ ಬರೆಸ್ಕೊಳ್ಳಿ. ಯಾಕಂದ್ರೆ ಮಂಡಿ ಕೀಲು ಬದಲಾಯಿಸಿದೋರನ್ನ ಸಾಮಾನ್ಯವಾಗಿ ಅದೇ ದಿನ ಇಲ್ಲಾ ಮಾರನೇ ದಿನನೇ ನಡೆಸ್ತಾರೆ, ಅದೇ ಪಾದದ ಗಂಟು ಮುರಿದು ಪ್ಲೇಟ್ ಹಾಕಿದೋರಿಗೆ ವಾರಗಟ್ಟಲೆ ಭಾರ ಹಾಕಬೇಡಿ ಅಂತ ಹೇಳೋದುಂಟು, ಪಕ್ಕದ ಮನೆಯೋರು ನಡೆದ್ರು ಅಂತ ನೀವು ನಡೆದ್ರೆ ಒಳಗಿನ ಸ್ಕ್ರೂ ಸಡಿಲ ಆಗಬಹುದು.

ಎರಡನೇ ಪ್ರಶ್ನೆ, ರಕ್ತ ಹೆಪ್ಪುಗಟ್ಟದ ಹಾಗೆ ಇಂಜೆಕ್ಷನ್ನೋ ಮಾತ್ರೆನೋ ಕೊಟ್ಟಿದ್ದಾರಾ, ಕೊಟ್ಟಿದ್ರೆ ಯಾವ ತಾರೀಖಿನವರೆಗೆ, ಕೊಟ್ಟಿಲ್ಲಾಂದ್ರೆ ಯಾಕೆ ಬೇಡ ಅಂದ್ರು. ಹೊಲಿಗೆ ಯಾವಾಗ ಬಿಚ್ಚೋದು (ಸಾಮಾನ್ಯವಾಗಿ 10ರಿಂದ 14 ದಿನ), ಡ್ರೆಸಿಂಗ್ ಯಾರು ಮಾಡೋದು, ರಾತ್ರಿ ಹೊತ್ತು ಏನಾದ್ರೂ ಆದ್ರೆ ಯಾವ ನಂಬರ್‌ಗೆ ಫೋನ್ ಮಾಡೋದು, ಅದನ್ನೂ ಕೇಳ್ಕೊಳ್ಳಿ. ರಿಸೆಪ್ಷನ್ ನಂಬರ್ ಸಾಲಲ್ಲ, ಡ್ಯೂಟಿ ಡಾಕ್ಟರ್ ಸಿಗೋ ನಂಬರ್ ಬೇಕು.

ಮೊದಲ ಎರಡು ಮೂರು ದಿನ: ನೋವಿನ ಮೇಲೆ ಕಣ್ಣಿರ್ಲಿ

ಕಾಲಿನ ಮಾಂಸಖಂಡಗಳ ಸುತ್ತ ಗಟ್ಟಿ ಹೊದಿಕೆ ಇರತ್ತೆ, ಅದು ಹಿಗ್ಗಲ್ಲ. ಮೂಳೆ ಮುರಿದಾಗ, ಆಪರೇಷನ್ ಆದಾಗ ಒಳಗೆ ಊತ ಬಂದು ಒತ್ತಡ ಜಾಸ್ತಿ ಆದ್ರೆ ಮಾಂಸಕ್ಕೆ ರಕ್ತ ಹೋಗೋದು ನಿಂತ್ಬಿಡತ್ತೆ. ಇದನ್ನ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಅಂತಾರೆ, ಮೊಣಕಾಲ ಕೆಳಗಿನ ಮೂಳೆ ಮುರಿದಾಗ ಇದು ಹೆಚ್ಚು, ಸಾಮಾನ್ಯವಾಗಿ ಮೊದಲ ಒಂದೆರಡು ದಿನದಲ್ಲೇ ಕಾಣಿಸ್ಕೊಳ್ಳತ್ತೆ. ಆಗ ರೋಗಿ ಹೇಳೋದು ಒಂದೇ, "ಮಾತ್ರೆ ತಗೊಂಡ್ರೂ, ಇಂಜೆಕ್ಷನ್ ಕೊಟ್ರೂ ತಡ್ಕೊಳ್ಳೋಕಾಗ್ತಿಲ್ಲ." ಮೀನಖಂಡ ಕಲ್ಲಿನ ಥರ ಬಿಗಿಯಾಗಿರತ್ತೆ, ಕಾಲ್ಬೆರಳನ್ನ ನೀವು ಮೆಲ್ಲಗೆ ಮೇಲೆ ಕೆಳಗೆ ಬಗ್ಗಿಸಿದ್ರೆ ಕಿರುಚೋ ಅಷ್ಟು ನೋವಾಗತ್ತೆ, ಬೆರಳ ಸಂದೀಲಿ ಜುಮುಜುಮು, ಆಮೇಲೆ ಮರಗಟ್ಟಿದ ಹಾಗೆ. ಪಾದ ಬೆಚ್ಚಗೇ ಇರಬಹುದು, ನಾಡಿ ಸಿಗ್ತಾನೂ ಇರಬಹುದು, ಅದನ್ನ ನಂಬ್ಕೊಂಡು ಸುಮ್ನಿರಬೇಡಿ. ರಕ್ತ ಇಲ್ದೆ ಆರೆಂಟು ಗಂಟೆ ಕಳೆದ್ರೆ ಮಾಂಸ ಸತ್ತೋಗೋ ಸಾಧ್ಯತೆ ಇದೆ, ಅಂದ್ರೆ ಬೆಳಿಗ್ಗೆ ಓಪಿಡಿಗೆ ಹೋಗೋಣ ಅನ್ನೋ ಕಾಯಿಲೆ ಇದಲ್ಲ.

ಪ್ಲಾಸ್ಟರ್ ಅಥವಾ ಸ್ಲ್ಯಾಬ್ (ಒಂದೇ ಪಕ್ಕಕ್ಕೆ ಹಾಕೋ ಅರ್ಧ ಪ್ಲಾಸ್ಟರ್) ಹಾಕಿದ್ದಾಗಲೂ ಇದೇ ಲೆಕ್ಕ. ಬೆರಳು ನೀಲಿ ಅಥವಾ ಬಿಳಿಚಿಕೊಂಡು ತಣ್ಣಗಾದ್ರೆ, ಒಳಗೆ ಬಿಗಿ ಜಾಸ್ತಿ ಆಗ್ತಾ ಹೋದ್ರೆ ತಕ್ಷಣ ಹೋಗಿ ಬಿಚ್ಚಿಸಿ ನೋಡ್ಬೇಕು. ತುರಿಕೆ ಅಂತ ಪ್ಲಾಸ್ಟರ್ ಒಳಗೆ ಪೊರಕೆ ಕಡ್ಡಿ, ಸ್ಕೇಲು, ಹೇರ್‌ಪಿನ್ ತೂರಿಸೋದು ನಮ್ಮಲ್ಲಿ ಬಹಳ, ಒಳಗೆ ಗೀರಿ ಗಾಯ ಆದ್ರೆ ಹೊರಗೆ ಕಾಣಲ್ಲ, ಕೀವಿನ ವಾಸನೆ ಬಂದ್ಮೇಲೇ ಗೊತ್ತಾಗೋದು.

ಇನ್ನೊಂದು, ಪಾದ ಮೇಲಕ್ಕೆ ಎತ್ತೋಕೇ ಆಗ್ತಿಲ್ಲ, ಎತ್ತಿದ್ರೆ ಜೋತು ಬೀಳತ್ತೆ ಅಂದ್ರೆ ಮಂಡಿ ಹೊರಪಕ್ಕದಲ್ಲಿ ಹಾದು ಹೋಗೋ ನರಕ್ಕೆ ಒತ್ತಡ ಬಿದ್ದಿರಬಹುದು. ಬಿಗಿ ಬ್ಯಾಂಡೇಜ್‌ನಿಂದಲೂ ಆಗತ್ತೆ. ಅವತ್ತೇ ಹೇಳಿ.

ರಕ್ತ ಹೆಪ್ಪುಗಟ್ಟೋದು: ಎಲ್ಲಕ್ಕಿಂತ ಜಾಸ್ತಿ ಗಮನ ಇಲ್ಲಿ

ಮೀನಖಂಡದ ಇಲ್ಲಾ ತೊಡೆಯ ಆಳದಲ್ಲಿರೋ ರಕ್ತನಾಳದಲ್ಲಿ ಹೆಪ್ಪುಗಟ್ಟೋದನ್ನ ಡಿವಿಟಿ ಅಂತಾರೆ. ಆಪರೇಷನ್ ಆದ ಕಾಲಲ್ಲಿ ಇದಕ್ಕೆ ಬೇಕಾದ್ದೆಲ್ಲ ಒಟ್ಟಿಗೇ ಸೇರಿರತ್ತೆ: ಅಲ್ಲಾಡದೆ ಮಲಗಿರೋದ್ರಿಂದ ರಕ್ತ ನಿಧಾನ ಆಗಿರತ್ತೆ, ರಕ್ತನಾಳಕ್ಕೆ ಪೆಟ್ಟು ಬಿದ್ದಿರತ್ತೆ, ಗಾಯ ಮಾಯಿಸ್ಕೊಳ್ಳೋಕೆ ಅಂತ ದೇಹನೇ ರಕ್ತ ಗಟ್ಟಿ ಮಾಡೋ ಕೆಲಸ ಜೋರು ಮಾಡಿರತ್ತೆ. ಹೆಪ್ಪು ಕಾಲಲ್ಲೇ ಕೂತಿದ್ರೆ ನೋವು ಊತ, ಅದು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಆಸ್ಪತ್ರೆಯಿಂದ ಮನೆಗೆ ಬಂದ್ಮೇಲೂ ಈ ಅಪಾಯ ವಾರಗಟ್ಟಲೆ ಇರತ್ತೆ, ಸುಮಾರು ಮೂರು ತಿಂಗಳವರೆಗೂ ಹುಷಾರಾಗಿರಬೇಕು. ಸೊಂಟದ ಕೀಲು, ಮಂಡಿ, ತೊಡೆ ಮೂಳೆ ಆಪರೇಷನ್ ಆದೋರು, ದಪ್ಪ ಇರೋರು, ವಯಸ್ಸಾದೋರು, ಕ್ಯಾನ್ಸರ್ ಇರೋರು, ಗರ್ಭನಿರೋಧಕ ಮಾತ್ರೆ ತಗೊಳ್ಳೋ ಹೆಣ್ಮಕ್ಕಳು, ಮುಂಚೆ ಒಂದ್ಸಲ ಹೆಪ್ಪುಗಟ್ಟಿದ್ದೋರು, ಇವರಿಗೆಲ್ಲ ಸ್ವಲ್ಪ ಜಾಸ್ತಿನೇ.

ತಡೆಯೋದು ಹೇಗೆ? ಎಚ್ಚರ ಇರೋವಾಗ ಗಂಟೆಗೊಂದ್ಸಲ ಪಾದವನ್ನ ಮೇಲಕ್ಕೆ ಕೆಳಕ್ಕೆ ಪಂಪ್ ಮಾಡೋ ಹಾಗೆ ಹತ್ತಿಪ್ಪತ್ತು ಸಲ ಆಡಿಸ್ಬೇಕು (ಪಾದಕ್ಕೆ ಪ್ಲಾಸ್ಟರ್ ಇದ್ರೆ ಬೆರಳು ಆಡಿಸಿ, ತೊಡೆ ಬಿಗಿ ಮಾಡಿ ಬಿಡಿ). ಸೀರಿಯಲ್ ನೋಡ್ತಾ ಪ್ರತಿ ಬ್ರೇಕ್‌ಗೆ ಮಾಡಿ ಅಂದ್ರೆ ವಯಸ್ಸಾದೋರೂ ಮರೆಯಲ್ಲ. ಡಾಕ್ಟರ್ ಬಿಟ್ಟಷ್ಟು ಬೇಗ, ಬಿಟ್ಟಷ್ಟು ಮಾತ್ರ, ವಾಕರ್ ಹಿಡಿದು ಎದ್ದು ಓಡಾಡ್ಬೇಕು. ನೀರು ಚೆನ್ನಾಗಿ ಕುಡೀಬೇಕು, ಟಾಯ್ಲೆಟ್ಟಿಗೆ ಎದ್ದು ಹೋಗೋ ಕಷ್ಟಕ್ಕೆ ಹೆದರಿ ನೀರೇ ಕುಡಿಯದೆ ಇರೋರು ಸುಮಾರು ಜನ ಇದ್ದಾರೆ, ಅದು ತಪ್ಪು.

ಇಂಜೆಕ್ಷನ್ ಕೊಟ್ಟಿದ್ರೆ ಹೊಟ್ಟೆ ಮೇಲೆ, ಹೊಕ್ಕಳಿಂದ ಮೂರ್ನಾಲ್ಕು ಬೆರಳು ದೂರದಲ್ಲಿ, ದಿನಕ್ಕೊಂದು ಪಕ್ಕ ಬದಲಾಯಿಸಿ ಹಾಕ್ಬೇಕು, ಹಾಕಿದ್ಮೇಲೆ ಉಜ್ಜಬಾರದು. ಚಿಕ್ಕ ನೀಲಿ ಕಲೆ ಆಗೋದು ಸಾಮಾನ್ಯ. ಸೊಂಟದ ಕೀಲು ಬದಲಾಯಿಸಿದ್ರೆ ಈ ಔಷಧಿ 35 ದಿನದವರೆಗೂ ಕೊಡೋದುಂಟು, ನೋವು ಕಮ್ಮಿ ಆಯ್ತು, ಇಂಜೆಕ್ಷನ್ ದುಬಾರಿ ಅಂತ ಮಧ್ಯ ನಿಲ್ಲಿಸಬೇಡಿ, ದುಡ್ಡಿನ ತೊಂದರೆ ಇದ್ರೆ ಕಮ್ಮಿ ಬೆಲೆಯ ಮಾತ್ರೆ ನಡೆಯತ್ತಾ ಅಂತ ನೇರವಾಗಿ ಕೇಳಿ, ಕೇಳೋಕೆ ಸಂಕೋಚ ಬೇಡ. ಒಂದು ಡೋಸ್ ತಪ್ಪಿದ್ರೆ ಎರಡು ಒಟ್ಟಿಗೆ ತಗೋಬೇಡಿ, ಫೋನ್ ಮಾಡಿ ಕೇಳಿ. ಈ ಔಷಧಿ ನಡೀತಿರೋವಾಗ ಮಲ ಟಾರಿನ ಥರ ಕಪ್ಪಗೆ ಬಂದ್ರೆ, ಮೂತ್ರ ಕೆಂಪಾದ್ರೆ, ಮೂಗಿಂದ ವಸಡಿಂದ ರಕ್ತ ನಿಲ್ಲದಿದ್ರೆ, ತಲೆಗೆ ಪೆಟ್ಟು ಬಿದ್ರೆ ತಡ ಮಾಡದೆ ತೋರಿಸ್ಬೇಕು.

ಬೆಂಗಳೂರಲ್ಲಿ ಆಪರೇಷನ್ ಮಾಡಿಸ್ಕೊಂಡು ರಾಯಚೂರಿಗೋ ಬೀದರಿಗೋ ಇಡೀ ರಾತ್ರಿ ಕಾರಲ್ಲಿ ಹೋಗೋದು ಮಾಮೂಲಿ. ಆಗ್ಲೇಬೇಕು ಅಂದ್ರೆ ಡಾಕ್ಟರನ್ನ ಕೇಳಿ ಹೊರಡಿ, ಹಿಂದಿನ ಸೀಟಲ್ಲಿ ಕಾಲು ಚಾಚ್ಕೊಂಡು ಕೂತು, ಗಂಟೆಗೋ ಒಂದೂವರೆ ಗಂಟೆಗೋ ಗಾಡಿ ನಿಲ್ಲಿಸಿ, ಪಾದ ಆಡಿಸ್ತಾ ಹೋಗಿ.

ಈಗ ಗುರುತಿಸೋದು. ಅಮ್ಮನಿಗೆ ಆಪರೇಷನ್ ಆದಾಗ ಫಿಸಿಯೋ ಒಬ್ಬರು ಹೇಳಿಕೊಟ್ಟಿದ್ದು ನಂಗೆ ಬಹಳ ಉಪಯೋಗಕ್ಕೆ ಬಂತು. ಮಂಡಿ ಚಿಪ್ಪಿನ ಕೆಳಗೆ ಕೈಗೆ ಸಿಗೋ ಮೂಳೆ ಉಬ್ಬಿಂದ ನಾಲ್ಕು ಇಂಚು ಕೆಳಗೆ ಬಾಲ್ ಪೆನ್ನಲ್ಲಿ ಸಣ್ಣ ಗೆರೆ ಹಾಕಿ, ಎರಡೂ ಕಾಲಿಗೆ. ಬೆಳಿಗ್ಗೆ ಮಂಚದಿಂದ ಇಳಿಯೋ ಮುಂಚೆ ಟೈಲರ್ ಟೇಪಲ್ಲಿ ಆ ಗೆರೆ ಮೇಲೆ ಸುತ್ತಳತೆ ತೆಗೆದು ಕ್ಯಾಲೆಂಡರಿನ ಆ ತಾರೀಖಿನ ಚೌಕದಲ್ಲೇ ಬರೀರಿ. ಟೇಪ್ ಬಿಗಿಯೋದು ಬೇಡ, ಚರ್ಮಕ್ಕೆ ತಾಗಿದ್ರೆ ಸಾಕು. ಆಪರೇಷನ್ ಆದ ಕಾಲು ದಪ್ಪ ಇರೋದು ಸಹಜ, ನೋಡ್ಬೇಕಾಗಿರೋದು ನಿನ್ನೆಗೂ ಇವತ್ತಿಗೂ ಇರೋ ವ್ಯತ್ಯಾಸ. ಇದ್ದಕ್ಕಿದ್ದ ಹಾಗೆ ಸೆಂಟಿಮೀಟರ್ ಎರಡು ಸೆಂಟಿಮೀಟರ್ ಏರಿದ್ರೆ, ರಾತ್ರಿಯೆಲ್ಲ ಕಾಲು ಎತ್ತರದಲ್ಲಿಟ್ಟು ಮಲಗಿದ್ರೂ ಊತ ಇಳೀದಿದ್ರೆ, ಮೀನಖಂಡ ಹಿಡ್ಕೊಂಡ ಹಾಗೆ ನೋವು ಬಂದ್ರೆ, ಬಿಸಿ ಇದ್ರೆ, ಬಣ್ಣ ಕೆಂಪೋ ನೇರಳೆನೋ ಆದ್ರೆ, ಅವತ್ತೇ ಹೋಗಿ ರಕ್ತನಾಳ ನೋಡೋ ಡಾಪ್ಲರ್ ಸ್ಕ್ಯಾನ್ ಬೇಕಾ ಅಂತ ಕೇಳಿ. ಸ್ಕ್ಯಾನಲ್ಲಿ ನೋವಿಲ್ಲ, ಗರ್ಭಿಣಿಯರಿಗೆ ಮಾಡೋ ಸ್ಕ್ಯಾನಿನ ಥರದ್ದೇ. ಆಪರೇಷನ್ ಆಗದೇ ಇರೋ ಕಾಲಲ್ಲೂ ಹೆಪ್ಪುಗಟ್ಟಬಹುದು, ಅದಕ್ಕೇ ಎರಡೂ ಕಾಲು ಅಳೀರಿ ಅಂದಿದ್ದು. ಅಳತೆ ಸರಿ ಇದೆ ಅಂತ ಪೂರ್ತಿ ನಿಶ್ಚಿಂತೆನೂ ಬೇಡ, ಏನೂ ಲಕ್ಷಣ ತೋರಿಸದೆ ಹೆಪ್ಪುಗಟ್ಟೋದೂ ಇದೆ, ಔಷಧಿ ಬಿಡಬೇಡಿ ಅಂತ ಅಷ್ಟು ಒತ್ತಿ ಹೇಳೋದು ಅದಕ್ಕೇ.

ಮತ್ತೆ ದಯವಿಟ್ಟು, ಊದಿಕೊಂಡ ಮೀನಖಂಡಕ್ಕೆ ಎಣ್ಣೆ ಹಚ್ಚಿ ನೀವೋದು, ನಾಟಿ ಎಣ್ಣೆ ತರಿಸಿ ತಿಕ್ಕಿಸೋದು ಮಾಡಬೇಡಿ. ಪ್ರೀತಿಯಿಂದಲೇ ಮಾಡ್ತಾರೆ, ಗೊತ್ತು, ಆದ್ರೆ ಒಳಗೆ ಹೆಪ್ಪಿದ್ರೆ ಅದು ಕಿತ್ಕೊಂಡು ಮೇಲೆ ಹೋಗೋ ಅಪಾಯ ಇದೆ.

ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟಿದ್ರೆ, ಉಸಿರು ಎಳ್ಕೊಂಡಾಗ ಎದೇಲಿ ಚುಚ್ಚಿದ ಹಾಗಾದ್ರೆ, ಕೆಮ್ಮಿದಾಗ ರಕ್ತ ಬಂದ್ರೆ, ಎದೆ ಬಡಿತ ಜೋರಾಗಿ ಬೆವರಿ ತಲೆ ಸುತ್ತಿ ಬಿದ್ರೆ, ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿಸ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ನಡೆಸಬೇಡಿ, ಮೆಟ್ಟಿಲು ಇಳಿಸೋದಿದ್ರೆ ಕುರ್ಚಿ ಮೇಲೆ ಕೂರಿಸಿ ಎತ್ಕೊಂಡು ಇಳಿಸಿ, ಹತ್ತಿರದ ಎಮರ್ಜೆನ್ಸಿಗೆ ಹೋಗಿ, ಆಪರೇಷನ್ ಮಾಡಿದ ಆಸ್ಪತ್ರೆನೇ ಆಗ್ಬೇಕು ಅಂತಿಲ್ಲ. ಹೋದ ತಕ್ಷಣ ಮೊದಲ ವಾಕ್ಯದಲ್ಲೇ "ಇಂಥ ತಾರೀಖು ಕಾಲಿನ ಆಪರೇಷನ್ ಆಗಿದೆ" ಅಂತ ಹೇಳಿ, ಆ ಒಂದು ಮಾತಿಂದ ಡಾಕ್ಟರ್ ಯೋಚನೆ ಮಾಡೋ ದಾರಿನೇ ಬದಲಾಗತ್ತೆ.

ಗಾಯ, ಹೊಲಿಗೆ, ಕೀವು

ಮೊದಲ ಒಂದೆರಡು ದಿನ ಸಣ್ಣ ಜ್ವರ, ಡ್ರೆಸಿಂಗ್ ಮೇಲೆ ತಿಳಿ ಗುಲಾಬಿ ಬಣ್ಣದ ಒದ್ದೆ, ಇದಕ್ಕೆ ಗಾಬರಿ ಬೇಡ. ಒಸರೋದು ದಿನ ಕಳೆದ ಹಾಗೆ ಒಣಗಬೇಕು. ವಾರ ಆಗ್ತಾ ಬಂದ್ರೂ ಒಸರ್ತಾನೇ ಇದ್ರೆ, ಅದ್ರಲ್ಲೂ ಒಳಗೆ ಕೃತಕ ಕೀಲು, ರಾಡ್, ಪ್ಲೇಟ್ ಇದ್ರೆ, ತಿಳಿಯಾಗಿಯೇ ಇದ್ರೂ ಸರ್ಜನ್ನಿಗೆ ತೋರಿಸ್ಬೇಕು. ಹಳದಿ ಹಸಿರು ಕೀವು, ಕೆಟ್ಟ ವಾಸನೆ, ಹೊಲಿಗೆ ಬಾಯಿ ಬಿಡೋದು, ಕಮ್ಮಿ ಆಗಿದ್ದ ನೋವು ತಿರುಗಿ ಜೋರಾಗೋದು, ಚಳಿ ನಡುಕದ ಜ್ವರ, ಥರ್ಮಾಮೀಟರಲ್ಲಿ 100.4 ಫ್ಯಾರನ್‌ಹೀಟ್ ದಾಟಿ ಇಳೀದೇ ಇರೋದು, ಇವೆಲ್ಲ ಅವತ್ತೇ ಹೋಗೋ ಲಕ್ಷಣ. ಗಾಯದ ಸುತ್ತ ಕೆಂಪಗಿದ್ರೆ ಆ ಕೆಂಪಿನ ಅಂಚಿಗೆ ಪೆನ್ನಲ್ಲಿ ಗೆರೆ ಎಳೆದು ಟೈಮ್ ಬರೆದು ಫೋಟೋ ತೆಗೀರಿ, ಕೆಲವು ಗಂಟೆ ಬಿಟ್ಟು ನೋಡಿದಾಗ ಕೆಂಪು ಗೆರೆ ದಾಟಿದ್ರೆ ಅನುಮಾನನೇ ಬೇಡ. ನಮ್ಮ ಮೈಬಣ್ಣದಲ್ಲಿ ಕೆಂಪು ಸರಿಯಾಗಿ ಕಾಣದೆ ಕಪ್ಪು ನೇರಳೆ ಥರ ಇರಬಹುದು, ಆಗ ಅಂಗೈ ಹಿಂಬದಿ ಇಟ್ಟು ಬಿಸಿ ನೋಡಿ, ಇನ್ನೊಂದು ಕಾಲಿನ ಅದೇ ಜಾಗಕ್ಕೆ ಹೋಲಿಸಿ.

ಮಾಡಬಾರದ್ದು ಇದಕ್ಕಿಂತ ಮುಖ್ಯ. ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ, ಪೌಡರ್, ಸೊಪ್ಪಿನ ರಸ ಏನೂ ಬೇಡ. ಡಾಕ್ಟರ್ ಹೇಳೋವರೆಗೆ ಒದ್ದೆ ಮಾಡಬೇಡಿ, ಮುಟ್ಟೋ ಮುಂಚೆ ಸೋಪಲ್ಲಿ ಕೈ ತೊಳೀರಿ. ನೋಡೋಕೆ ಬಂದೋರಿಗೆಲ್ಲ ಬ್ಯಾಂಡೇಜ್ ಬಿಚ್ಚಿ ತೋರಿಸ್ಬೇಡಿ. ಮತ್ತೆ ಕೀವು ಕಂಡ ತಕ್ಷಣ ಮೆಡಿಕಲ್ ಶಾಪಿಗೆ ಹೋಗಿ ಐದು ದಿನದ ಆಂಟಿಬಯೋಟಿಕ್ ತಂದು ನುಂಗಿಸೋದು ಇದೆಯಲ್ಲ, ಅದು ಸಿಕ್ಕಾಪಟ್ಟೆ ತೊಂದರೆ ಮಾಡತ್ತೆ. ಮೇಲೆ ಒಣಗಿದ ಹಾಗೆ ಕಾಣತ್ತೆ, ಒಳಗೆ ಲೋಹದ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಕೊಂಡು ಕೂತಿರತ್ತೆ, ಆಮೇಲೆ ಕೀವನ್ನ ಲ್ಯಾಬಿಗೆ ಕಳಿಸಿದ್ರೂ ಯಾವ ಬ್ಯಾಕ್ಟೀರಿಯಾ ಅಂತ ಗೊತ್ತಾಗದೇ ಹೋಗಬಹುದು. ಮೊದಲು ಸರ್ಜನ್ ನೋಡ್ಲಿ, ಸ್ಯಾಂಪಲ್ ತಗೊಳ್ಲಿ, ಆಮೇಲೆ ಮಾತ್ರೆ.

ಶುಗರ್ ಇರೋರಿಗೆ ಒಂದು ಮಾತು. ಆಪರೇಷನ್ ಒತ್ತಡಕ್ಕೆ ಶುಗರ್ ಏರೋದು ಸಹಜ, ಏರಿದ ಶುಗರಲ್ಲಿ ಗಾಯ ಮಾಯೋದು ನಿಧಾನ, ಸೋಂಕು ಬೇಗ. ಗ್ಲುಕೋಮೀಟರ್ ಮನೇಲಿ ಇಟ್ಕೊಳ್ಳಿ, ಪಾದದ ಸ್ಪರ್ಶ ಕಮ್ಮಿ ಇರೋರಿಗೆ ಹಿಮ್ಮಡಿ ದಿನಾ ಕಣ್ಣಲ್ಲಿ ನೋಡಿ. ಬೀಡಿ ಸಿಗರೇಟು ಸೇದೋರಿಗೆ ಗಾಯನೂ ತಡ, ಮೂಳೆ ಕೂಡೋದೂ ತಡ, ಕೆಲವರಿಗೆ ಕೂಡೋದೇ ಇಲ್ಲ. ನಿಲ್ಲಿಸೋಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಮಲಗೋದು, ಕೂರೋದು, ಬಾತ್‌ರೂಮು

ಮಂಡಿ ಆಪರೇಷನ್ ಆದೋರಿಗೆ ಮಂಡಿ ಕೆಳಗೆ ದಿಂಬು ಇಡೋದು ಎಲ್ಲರ ಮನೇಲೂ ನಡೆಯತ್ತೆ, ಅವರಿಗೂ ಹಾಯಾಗಿರತ್ತೆ. ಆದ್ರೆ ಮಂಡಿ ಹಾಗೇ ಬಗ್ಗಿದ ಸ್ಥಿತೀಲಿ ಗಟ್ಟಿಯಾಗಿ ಆಮೇಲೆ ನೇರ ಆಗೋದೇ ಕಷ್ಟ ಆಗತ್ತೆ. ದಿಂಬು ಹಿಮ್ಮಡಿಯ ಸ್ವಲ್ಪ ಮೇಲೆ, ಮೀನಖಂಡದ ಕೆಳತುದಿಗೆ ಇಡಿ, ಹಿಮ್ಮಡಿ ಗಾಳೀಲಿ ತೇಲ್ತಾ ಇರ್ಲಿ, ಮಂಡಿ ನೇರ ಇರ್ಲಿ. ಇದ್ರಿಂದ ಹಿಮ್ಮಡಿ ಹಾಸಿಗೆಗೆ ಒತ್ತಿ ಹುಣ್ಣಾಗೋದೂ ತಪ್ಪತ್ತೆ.

ಸೊಂಟದ ಕೀಲು ಬದಲಾಯಿಸಿದೋರು ಚಕ್ಕಳಮಕ್ಕಳ ಹಾಕಿ ಕೂರೋದು, ಕುಕ್ಕರಗಾಲು, ಕಾಲ ಮೇಲೆ ಕಾಲು, ತಗ್ಗಿನ ಸೋಫಾ, ಬಗ್ಗಿ ಚಪ್ಪಲಿ ಹಾಕ್ಕೊಳ್ಳೋದು, ಡಾಕ್ಟರ್ ಬಿಡೋವರೆಗೂ ಬೇಡ. ಪಕ್ಕಕ್ಕೆ ಮಲಗೋವಾಗ ಎರಡು ಕಾಲಿನ ಮಧ್ಯ ದಿಂಬಿರ್ಲಿ. ಟಕ್ ಅಂತ ಶಬ್ದ ಬಂದು ಕಾಲು ಗಿಡ್ಡ ಆದ ಹಾಗೆ, ಒಂದು ಕಡೆ ತಿರುಗಿದ ಹಾಗೆ ಆಗಿ ಎದ್ದೇಳೋಕಾಗದಿದ್ರೆ ಕೀಲು ತಪ್ಪಿರಬಹುದು, ನೀವೇ ಎಳೆದು ಸರಿ ಮಾಡೋಕೆ ಹೋಗ್ಬೇಡಿ.

ಮನೇಲಿ ಬರೀ ಇಂಡಿಯನ್ ಟಾಯ್ಲೆಟ್ ಇದ್ರೆ ಕಮೋಡ್ ಚೇರ್ ಆಪರೇಷನ್‌ಗೆ ಮುಂಚೆನೇ ತಂದಿಡಿ, ಬಾಡಿಗೆಗೂ ಸಿಗತ್ತೆ. ಬಾತ್‌ರೂಮ್ ನೆಲ ಒಣಗಿರ್ಲಿ, ರಾತ್ರಿ ಲೈಟ್ ಉರೀತಿರ್ಲಿ, ಬಾಗಿಲ ಹತ್ರದ ಕಾಲೊರೆಸು ತೆಗೆದ್ಬಿಡಿ, ನೈಟಿ ಪಂಚೆ ವಾಕರ್‌ಗೆ ಸಿಕ್ಕಿಹಾಕ್ಕೊಳ್ದೆ ಇರೋ ಹಾಗೆ ಎತ್ತಿ ಕಟ್ಲಿ. ಮೆಟ್ಟಿಲು ಹತ್ತೋವಾಗ ಮೊದಲು ಒಳ್ಳೇ ಕಾಲು, ಇಳಿಯೋವಾಗ ಮೊದಲು ಆಪರೇಷನ್ ಆದ ಕಾಲು.

ಊಟ, ಮಾತ್ರೆ

ಬೇಳೆ ತಿಂದ್ರೆ ಕೀವಾಗತ್ತೆ, ಆಲೂಗಡ್ಡೆ ಬದನೆಕಾಯಿ ನಂಜು, ಮೊಟ್ಟೆ ಬೇಡ ಅಂತ ಹೇಳಿ ಬರೀ ಗಂಜಿ ತಿಳಿಸಾರು ಕೊಡೋ ಪದ್ಧತಿ ಇನ್ನೂ ಇದೆ. ಕೀವಾಗೋದು ಬ್ಯಾಕ್ಟೀರಿಯಾದಿಂದ, ಬೇಳೆಯಿಂದ ಅಲ್ಲ. ಗಾಯ ಮಾಯೋಕೆ ಪ್ರೋಟೀನ್ ಬೇಕೇ ಬೇಕು, ಅಂದ್ರೆ ತೊವ್ವೆ, ಮೊಳಕೆ ಕಾಳು ಉಸಲಿ, ಮೊಸರು, ತಿನ್ನೋರಿಗೆ ಮೊಟ್ಟೆ ಮೀನು. ರಾಗೀಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಮುದ್ದೆ ಅಂಬಲಿ ಧಾರಾಳವಾಗಿ ಕೊಡಿ. ಕಿಡ್ನಿ ತೊಂದರೆ ಇರೋರು ಮಾತ್ರ ಡಾಕ್ಟರ್ ಹೇಳಿದ ಪಥ್ಯ ಬಿಡಬಾರದು.

ನೋವಿನ ಮಾತ್ರೆ ಬರೆದಷ್ಟೇ ತಗೊಳ್ಳಿ. ಅದರ ಜೊತೆ ಅಂಗಡಿಯಿಂದ ಇನ್ನೊಂದು ನೋವಿನ ಮಾತ್ರೆ ತಂದು ಸೇರಿಸಿದ್ರೆ ಕಿಡ್ನಿಗೆ, ಹೊಟ್ಟೆಗೆ ಪೆಟ್ಟು, ರಕ್ತ ಹೆಪ್ಪುಗಟ್ಟದ ಔಷಧಿ ಇದ್ರಂತೂ ಹೊಟ್ಟೇಲಿ ರಕ್ತಸ್ರಾವನೇ ಆಗಬಹುದು. ಟ್ರಮಡಾಲ್ ಥರದ ಜೋರು ನೋವಿನ ಮಾತ್ರೆಗೆ ಮಲಬದ್ಧತೆ, ತಲೆಸುತ್ತು ಬರತ್ತೆ, ಅದು ತಗೊಂಡ್ಮೇಲೆ ಒಬ್ಬರೇ ಎದ್ದು ಓಡಾಡೋದು ಬೇಡ.

ವಯಸ್ಸಾದೋರ ವಿಷಯ

ಬಾತ್‌ರೂಮಲ್ಲಿ ಬಿದ್ದು ಸೊಂಟ ಮುರ್ಕೊಂಡ ಅಜ್ಜ ಅಜ್ಜಿಗೆ ಕಾಲಿಗಿಂತ ಬೇರೆ ಕಡೆಯಿಂದಲೇ ತೊಂದರೆ ಬರೋದು ಜಾಸ್ತಿ. ಮಲಗೇ ಇದ್ರೆ ಕಫ ಕಟ್ಟಿ ನ್ಯುಮೋನಿಯಾ ಆಗತ್ತೆ, ಅದಕ್ಕೆ ಮೂರು ಬಾಲಿನ ಸ್ಪೈರೋಮೀಟರ್ (ಉಸಿರಿನ ವ್ಯಾಯಾಮದ ಸಾಧನ) ಊದಿಸೋದಲ್ಲ, ಅದರಿಂದ ಉಸಿರು ಒಳಗೆ ಎಳೆಸ್ಬೇಕು, ಗಂಟೆಗೆ ಐದಾರು ಸಲ. ಊಟ ಮಾಡಿಸೋವಾಗ ಕೂರಿಸಿಯೇ ಮಾಡಿಸಿ. ತಾವಾಗಿ ಹೊರಳೋಕಾಗದೋರನ್ನ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ, ಬೆನ್ನಿನ ತುದಿ, ಹಿಮ್ಮಡಿ ನೋಡಿ, ಒತ್ತಿದ್ರೂ ಬಿಳಿಚದ ಕೆಂಪು ಕಲೆ ಇದ್ರೆ ಹುಣ್ಣು ಶುರುವಾಗ್ತಿದೆ ಅಂತ ಅರ್ಥ. ಇದ್ದಕ್ಕಿದ್ದ ಹಾಗೆ ಏನೇನೋ ಮಾತಾಡೋದು, ಮಗನ ಗುರುತು ಸಿಗದಿರೋದು, ಹಗಲೆಲ್ಲ ನಿದ್ದೆ ರಾತ್ರಿಯೆಲ್ಲ ಕೂಗಾಟ, ಇದನ್ನ ಅರಳುಮರಳು ಅಂತ ಬಿಡಬೇಡಿ. ಮೂತ್ರದ ಸೋಂಕು, ಸೋಡಿಯಂ ಕಮ್ಮಿ ಆಗಿರೋದು, ಮಾತ್ರೆಯ ಪರಿಣಾಮ, ಆಮ್ಲಜನಕ ಕಮ್ಮಿ, ಯಾವುದಾದ್ರೂ ಇರಬಹುದು, ಬಹಳಷ್ಟು ಸಲ ಸರಿ ಮಾಡಬಹುದಾದ್ದೇ. ಕನ್ನಡಕ, ಹಿಯರಿಂಗ್ ಏಡ್ ಕೈಗೆ ಸಿಗೋ ಹಾಗಿಡಿ, ಮನೆಯೋರ ಮುಖ ಕಾಣ್ತಿರ್ಲಿ, ಅದೂ ಚಿಕಿತ್ಸೆನೇ.

ಹೊಲಿಗೆ ಬಿಚ್ಚಿದ್ಮೇಲೂ

ಒಳಗೆ ಲೋಹ ಇದ್ರೆ ತಿಂಗಳುಗಳಾದ್ಮೇಲೂ ಸೋಂಕು ಬರಬಹುದು. ವಾಸಿಯಾದ ಗಾಯದ ಮೇಲೆ ಮೊಡವೆ ಥರ ಎದ್ದು ಒಡೆದು ಒಸರ್ತಾ ಇದ್ರೆ, ರಾತ್ರಿ ಮಲಗಿದಾಗ್ಲೂ ನೋವಿದ್ರೆ, ಭಾರ ಹಾಕಿದಾಗ ಮೂಳೆ ಮುರಿದ ಜಾಗದಲ್ಲೇ ನೋವು ಕಮ್ಮಿನೇ ಆಗದಿದ್ರೆ, ಎಕ್ಸ್‌ರೇ ತೆಗೆಸಿ. ನಡೀತಿದ್ದೀನಲ್ಲ ಅಂತ ಚೆಕಪ್ ತಪ್ಪಿಸೋರೇ ಹೆಚ್ಚು, ಮೂಳೆ ಕೂಡಿಲ್ಲ ಅನ್ನೋದು ರಾಡ್ ಮುರಿದಾಗ ಗೊತ್ತಾದ್ರೆ ಇನ್ನೊಂದು ದೊಡ್ಡ ಆಪರೇಷನ್.

ಫೋನ್ ಮಾಡೋವಾಗ "ಕಾಲು ನೋವು ಸಾರ್" ಅಂದ್ರೆ ಆ ಕಡೆಯೋರಿಗೆ ಏನೂ ಗೊತ್ತಾಗಲ್ಲ. ಯಾವ ಆಪರೇಷನ್, ಯಾವ ತಾರೀಖು, ಯಾವ ಕಾಲು, ನಿನ್ನೆಗಿಂತ ಏನು ಬದಲಾಗಿದೆ, ಜ್ವರ ಎಷ್ಟು, ರಕ್ತ ಹೆಪ್ಪುಗಟ್ಟದ ಔಷಧಿ ನಡೀತಿದೆಯಾ, ಉಸಿರಾಟ ಹೇಗಿದೆ, ಇಷ್ಟು ಹೇಳಿ, ಗಾಯದ ಫೋಟೋ ಬೆಳಕಲ್ಲಿ ತೆಗೆದು ಕಳಿಸಿ. ಡಿಸ್ಚಾರ್ಜ್ ಸಮರಿ, ಎಕ್ಸ್‌ರೇ, ಇಂಪ್ಲಾಂಟ್ ಸ್ಟಿಕ್ಕರ್ (ಒಳಗೆ ಹಾಕಿದ ಕೀಲು, ರಾಡ್, ಪ್ಲೇಟಿನ ವಿವರ ಇರೋ ಚೀಟಿ) ಒಂದೇ ಕವರಲ್ಲಿ ಬಾಗಿಲ ಹತ್ರ ಇಟ್ಟು, ಅದರ ಫೋಟೋನ ಮನೆಯ ಇಬ್ಬರ ಮೊಬೈಲಲ್ಲಾದ್ರೂ ಇಟ್ಕೊಳ್ಳಿ. "ಇಷ್ಟಕ್ಕೆಲ್ಲ ಡಾಕ್ಟರಿಗೆ ತೊಂದರೆ ಕೊಡೋದಾ" ಅಂತ ರಾತ್ರಿ ಹನ್ನೊಂದಕ್ಕೆ ಅನಿಸಿದ್ರೂ, ಉಸಿರು, ತಡೆಯೋಕಾಗದ ನೋವು, ಮರಗಟ್ಟಿದ ಪಾದ, ಈ ಮೂರರಲ್ಲಿ ಒಂದಿದ್ರೆ ಕೊಡಿ.